ಹಾಲೇಶಪ್ಪನ ಹೆಗಲಿನ ಡಬ್ಬಿ

ನಮ್ಮ ಸಾಹುಕಾರರು ಪ್ರವೀಣ್ ಕುಮಾರ್ ಅಡಿಕೆ ಕೊಳ್ಳುವಾಗ ಚೀಲದ ತಳಕ್ಕೆ ಕೈ ಹಾಕಿ ಒಂದು ಹಿಡಿ ತೆಗೆಯುತ್ತಾರೆ. ಅಡಕತ್ತರಿಯಲ್ಲಿ ಸೀಳುತ್ತಾರೆ, ಮೂಸುತ್ತಾರೆ, ಕಚ್ಚುತ್ತಾರೆ, ಉಗಿಯುತ್ತಾರೆ, ಆಮೇಲೂ ಮುಖ ಕಿವುಚುತ್ತಾರೆ. ಇಂಥ ಮನುಷ್ಯ ದಾರಿ ತೋರಿಸುವ ಯಂತ್ರ ಕೊಂಡದ್ದು ಹೇಗೆ ಗೊತ್ತೇ? ಆಸ್ಟ್ರೇಲಿಯಾದ ಮರಳುಗಾಡಿನಲ್ಲಿ ಯಾರೋ ಗಡ್ಡದವನು ಜೀಪು ಓಡಿಸುವ ವಿಡಿಯೊ ನೋಡಿ. ಆ ಗಡ್ಡದವನಿಗೆ ಕೆರೆಬಿಳಚಿಯ ಕೆಸರು ಗೊತ್ತಿತ್ತೋ ಇಲ್ಲವೋ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ನಾನು ಸಂಬಳದವನು.

ನನ್ನ ಹೆಸರು ನಿಂಗರಾಜ್. ವಾರದಲ್ಲಿ ಆರು ದಿನ ಸಾಹುಕಾರರ ಕಾರಿಗೆ ಡ್ರೈವರ್. ಭಾನುವಾರ ಮಾತ್ರ ನನಗೆ ಬಡ್ತಿ. ಅವತ್ತು ಹೊಸ ಜೀಪನ್ನು ಸಾಹುಕಾರರೇ ಓಡಿಸುತ್ತಾರೆ, ನಾನು ಎಡಗಡೆ ಕೂತು ನಾಲ್ಕು ಪರದೆಗಳನ್ನು ನೋಡುತ್ತಾ 'ನ್ಯಾವಿಗೇಟರ್' ಆಗುತ್ತೇನೆ. ಚನ್ನಗಿರಿಯ ಐದು ಮಂದಿ ಅಡಿಕೆ ವ್ಯಾಪಾರಿಗಳು ಸೇರಿ 'ಮಡ್ ಟೈಗರ್ಸ್' ಅಂತ ಒಂದು ಕ್ಲಬ್ ಮಾಡಿಕೊಂಡಿದ್ದರು. ಡಾಂಬರು ಇರುವ ಕಡೆ ಹೋಗುವುದು ಈ ಹುಲಿಗಳಿಗೆ ಅವಮಾನ. ನಮ್ಮೂರಿನ ಜನ ಮೂವತ್ತು ವರ್ಷ ಅರ್ಜಿ ಬರೆದು, ಧರಣಿ ಕೂತು ಡಾಂಬರು ಹಾಕಿಸಿಕೊಂಡದ್ದು ಈ ಅವಮಾನಕ್ಕೇ ಇರಬೇಕು.

ಮೊದಲು ಎಲ್ಲರ ಫೋನಿನಲ್ಲೂ ಇರುವ ನಕ್ಷೆಯನ್ನು ನಂಬಿದರು. ಸಿಗ್ನಲ್ ಹೋದ ಕೂಡಲೇ ಅದು ನಮ್ಮನ್ನು ತುಂಗಭದ್ರೆಯ ನಡುನೀರಿನಲ್ಲಿ ನಿಲ್ಲಿಸಿತು. ನಾವು ಒಂದು ಹುಣಸೆಮರದ ಕೆಳಗಿದ್ದೆವು. ಆಮೇಲೆ ವರ್ಷಕ್ಕಿಷ್ಟು ಅಂತ ಚಂದಾ ಕಟ್ಟುವ ಆ್ಯಪ್ ಬಂತು. ಸಿಗ್ನಲ್ ಬೇಡ, ಗುಡ್ಡದ ಎತ್ತರ ತಗ್ಗುಗಳನ್ನೆಲ್ಲ ಗೆರೆ ಎಳೆದು ತೋರಿಸುತ್ತದೆ, ಬೇರೆಯವರು ಹೋಗಿ ಬಂದ ದಾರಿಗಳಿಗೆ ನಕ್ಷತ್ರವನ್ನೂ ಕೊಡುತ್ತದೆ. ಐದು ನಕ್ಷತ್ರದ ಒಂದು ದಾರಿ ಹಿಡಿದು ಬೆಳಗಿನ ಆರೂವರೆಗೆ ಹೋದೆವು. ಅದು ಒಂದು ಕೆರೆ ಏರಿಯ ಹಿಂದಕ್ಕೆ ಒಯ್ದಿತು. ಅಲ್ಲಿ ಚೊಂಬು ಹಿಡಿದು ಕೂತಿದ್ದವರು ನಮ್ಮ ಐದು ಜೀಪುಗಳ ಹೆಡ್‌ಲೈಟಿಗೆ ಗಾಬರಿಯಾಗಿ ಎದ್ದು ನಿಂತರು. ಸಾಹುಕಾರರು ಆ್ಯಪ್ ಬದಲಾಯಿಸಿದರು.

ಮೂರನೆಯದು ಉಪಗ್ರಹದ ಜೊತೆ ನೇರವಾಗಿ ಮಾತಾಡುವ ಕೈಯಳತೆಯ ಡಬ್ಬಿ. ನೀರಿಗೆ ಬಿದ್ದರೂ ಕೆಡುವುದಿಲ್ಲ, ಬಂಡೆ ಮೇಲೆ ಬಿದ್ದರೂ ಒಡೆಯುವುದಿಲ್ಲ, ಬೆಲೆ ಕೇಳಿದವನ ಎದೆ ಮಾತ್ರ ಒಡೆಯುತ್ತದೆ. ಪರದೆ ಬೆಂಕಿಪೊಟ್ಟಣದಷ್ಟು. ಅದು ಕಾಣಿಸುವುದಿಲ್ಲ ಅಂತ ನಾಲ್ಕನೆಯದು, ಹತ್ತು ಇಂಚಿನ ಟ್ಯಾಬ್ಲೆಟ್. ಅದನ್ನು ಸ್ಟೇರಿಂಗಿನ ಮುಂದೆ ಕೂರಿಸಿದ ಮೇಲೆ ನಕ್ಷೆ ಚೆನ್ನಾಗಿ ಕಂಡಿತು, ರಸ್ತೆ ಕಾಣಿಸಲಿಲ್ಲ. ಸಾಹುಕಾರರ ಗೆಳೆಯ ಸಿದ್ದಲಿಂಗೇಶ್ ಬೇರೆಯದೇ ಆ್ಯಪ್ ಹಾಕಿಕೊಂಡು, ಪ್ರತಿ ತಿರುವಿನಲ್ಲೂ ವಾಕಿಟಾಕಿಯಲ್ಲಿ "ನಿಮ್ದು ರಾಂಗು" ಎನ್ನುತ್ತಿದ್ದರು. ಬ್ಯಾಟರಿ ಯಾವುದರದ್ದು ಜಾಸ್ತಿ, ಬಿಸಿಲಲ್ಲಿ ಯಾವುದು ಕಾಣುತ್ತದೆ ಅಂತ ಇಬ್ಬರೂ ಅಡಿಕೆ ಮಂಡಿಯಲ್ಲಿ ಗಂಟೆಗಟ್ಟಲೆ ವಾದಿಸುತ್ತಿದ್ದರು. ಸಾಹುಕಾರರ ತಾಯಿ ಕಲ್ಲಮ್ಮನವರು ಒಂದು ದಿನ ಕೇಳಿ ಕೇಳಿ ಸಾಕಾಗಿ, "ಬಾಯಿದ್ದವನು ಬರಗಾಲದಾಗೂ ಬದುಕಿದ ಅಂತಾರೆ. ನಿನಗೆ ಬಾಯಿಲ್ಲೇನೋ, ದಾರಿ ಕೇಳಾಕೆ?" ಎಂದರು. ಕೇಳುವುದು ಹುಲಿಗಳ ನಿಯಮಕ್ಕೆ ವಿರುದ್ಧ ಅಂತ ಅವರಿಗೆ ಯಾರು ಹೇಳಬೇಕು.

ಬಾಯಿ ಇದ್ದದ್ದು ನನಗೆ. ಅದೇ ಕೆಟ್ಟದ್ದು. ನವೆಂಬರಿನ ಒಂದು ಸಂಜೆ, ಯಾವ ಆ್ಯಪಿನಲ್ಲೂ ಒಳ್ಳೇ ದಾರಿ ಇಲ್ಲ ಅಂತ ಅವರು ಕೊರಗುತ್ತಿದ್ದಾಗ ನಾನು ಸುಮ್ಮನಿರಲಾರದೆ ಹೇಳಿಬಿಟ್ಟೆ, "ನಮ್ಮ ಮಾವ ಜಗಳೂರಿಂದ ಸವಳಂಗದ ತನಕ ಡಾಂಬರು ತುಳಿಯೋದು ಎರಡೋ ಮೂರೋ ಕಡೆ ಅಷ್ಟೇ ಸರ್."

ಮಾವ ಎಂದರೆ ನನ್ನ ತಾಯಿಯ ತಮ್ಮ ಹಾಲೇಶಪ್ಪ. ಜಗಳೂರು ಸೀಮೆಯ ಕುರಿಗಾರ. ಅಲ್ಲಿ ಮೇವು ತೀರುವ ಹೊತ್ತಿಗೆ ಇಲ್ಲಿ ಭತ್ತದ ಕೊಯ್ಲು ಮುಗಿದಿರುತ್ತದೆ. ಆಗ ಇನ್ನೂರೈವತ್ತು ಕುರಿ, ಎರಡು ಕತ್ತೆ, ಒಂದು ನಾಯಿ ಕಟ್ಟಿಕೊಂಡು ಹೊರಡುತ್ತಾನೆ. ಕೊಯ್ದ ಗದ್ದೆಯಲ್ಲಿ ಕುರಿ ಮೇಯುತ್ತವೆ, ರಾತ್ರಿ ಅಲ್ಲೇ ಮಂದೆ ತರುಬುತ್ತಾನೆ, ಅಂದರೆ ಬಲೆ ಕಟ್ಟಿ ಕೂಡಿಹಾಕುತ್ತಾನೆ. ಬೆಳಗಾಗುವಷ್ಟರಲ್ಲಿ ಗದ್ದೆಗೆ ಗೊಬ್ಬರ. ಅದಕ್ಕೆ ಗದ್ದೆಯವರು ಜೋಳ ಕೊಡುತ್ತಾರೆ, ಊಟ ಹಾಕುತ್ತಾರೆ, ಕೈಗೊಂದಿಷ್ಟು ಕಾಸನ್ನೂ ಕೊಡುತ್ತಾರೆ. ಯಾರ ಹೊಲದಲ್ಲಿ ಎಷ್ಟು ರಾತ್ರಿ ಅನ್ನುವುದೆಲ್ಲ ಬಾಯಿಮಾತು. ಅವನ ಅಪ್ಪನ ಕಾಲದಿಂದ ನಡೆದುಬಂದ ಬಾಯಿಮಾತು. ನಮ್ಮ ಸಾಹುಕಾರರ ಕೆರೆಬಿಳಚಿಯ ತೋಟದಲ್ಲೂ ವರ್ಷಕ್ಕೆ ಐದು ರಾತ್ರಿ ತರುಬುತ್ತಿದ್ದ. ಬೆಳೆ ಇರುವ ಹೊಲಕ್ಕೆ ಅವನ ಒಂದು ಕುರಿಯೂ ಕಾಲಿಟ್ಟದ್ದಿಲ್ಲ. ಆ ನಂಬಿಕೆ ಹೋದರೆ ಇನ್ನೂರೈವತ್ತು ಕುರಿ ಕಟ್ಟಿಕೊಂಡು ಅವನು ಹೋಗುವುದೆಲ್ಲಿಗೆ?

ಸಾಹುಕಾರರ ಕಣ್ಣು ಅರಳಿತು. "ಆ ಸ್ಯಾಟಲೈಟ್ ಡಬ್ಬೀನ ಅವನ ಹೆಗಲಿಗೆ ಹಾಕು. ನಡೆದಿದ್ದೆಲ್ಲ ರೆಕಾರ್ಡ್ ಆಗುತ್ತೆ. ಫೆಬ್ರುವರಿಗೆ ನಾವು ಅದರ ಮೇಲೇ ಹೋಗೋಣ."

"ಒಪ್ಪಲ್ಲ ಸರ್. ಅವರಿವರ ಹೊಲದ ದಾರಿ ಅದು."

"ಒಪ್ತಾನಾ ಅಂತ ಕೇಳು ಅಂದೋರ್ಯಾರು? ಕುರಿ ಕಳೆದರೆ ಹುಡುಕೋ ಮಿಷನ್ನು ಅಂತ ಹೇಳು."

ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು ಅಂತ ಹಿರಿಯರು ಹೇಳಿದ್ದಾರೆ. ಚಿಕ್ಕಂದಿನಲ್ಲಿ ಮಾವನ ಮನೆಯಲ್ಲೇ ಬೆಳೆದ ನಾನು ಅವನ ಉಪ್ಪನ್ನು ಎಂಟು ವರ್ಷ ತಿಂದಿದ್ದೆ. ಆದರೆ ಸಾಹುಕಾರರ ಉಪ್ಪು ತಿಂಗಳು ತಿಂಗಳು ಬ್ಯಾಂಕಿಗೆ ಬರುತ್ತಿತ್ತು. ಡಿಸೆಂಬರಿನಲ್ಲಿ ಮಂದೆ ಕೆರೆಬಿಳಚಿಗೆ ಬಂದಾಗ ಡಬ್ಬಿ ತೆಗೆದುಕೊಂಡು ಹೋದೆ.

ಮಾವ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. "ಕುರಿ ಕೊರಳಿಗೆ ಕಟ್ಟಬೇಕಾ, ನನ್ನ ಕೊರಳಿಗಾ?"

"ನಿನಗೇ ಮಾವ."

"ಕಳೆಯೋದು ಕುರಿ ಅಲ್ಲೇನೋ? ನಾನ್ಯಾಕೆ ಕಳೀತೀನಿ?"

"ನೀನಿರೋ ಜಾಗದ ಸುತ್ತ ಅದೇ ಹುಡುಕುತ್ತೆ" ಎಂದೆ. ಇಷ್ಟು ಸಲೀಸಾಗಿ ಸುಳ್ಳು ಬರುತ್ತದೆ ಅಂತ ನನಗೇ ಗೊತ್ತಿರಲಿಲ್ಲ. ಅವನು ಒಂದು ಮಾತೂ ಅನುಮಾನಿಸಲಿಲ್ಲ. ಹೆಗಲಿಗೆ ಹಾಕಿಕೊಂಡ, ಅದನ್ನು ಬಿಸಿಲಿನಿಂದ ಚಾರ್ಜ್ ಮಾಡುವ ಹಲಗೆಯನ್ನು ಕತ್ತೆಯ ಬೆನ್ನಿಗೆ ಕಟ್ಟಿದ. ಆ ಕತ್ತೆ ಕೂಡ ನನಗಿಂತ ಮರ್ಯಾದಸ್ಥನಂತೆ ಕಾಣಿಸಿತು.

ಜನವರಿ ಕೊನೆಗೆ ಡಬ್ಬಿ ವಾಪಸ್ ತರಲು ಬಸ್ಸು ಹತ್ತಿ ಸವಳಂಗಕ್ಕೆ ಹೋದೆ. ಮಾವ ಜೋಪಾನವಾಗಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದ. "ಹೊನ್ನಾಳಿ ಸೇತುವೆ ತಾವ ಮೂರು ಕುರಿ ತಪ್ಪಿಸ್ಕಂಡಾವೆ ಕಣೋ. ಇದ್ರಾಗೆ ನೋಡಿ ಹೇಳು" ಎಂದ. ನಾನು "ನೋಡ್ತೀನಿ ಮಾವ" ಎಂದು ಹೇಳಿ ಬಸ್ಸು ಹತ್ತಿದೆ. ಕಿಟಕಿ ಪಕ್ಕ ಸೀಟು ಸಿಕ್ಕಿತ್ತು. ಆದರೂ ಚನ್ನಗಿರಿ ತಲುಪುವ ತನಕ ಹೊರಗೆ ನೋಡಲಿಲ್ಲ.

ಮಾವನ ದಾರಿ ಟ್ಯಾಬ್ಲೆಟ್ಟಿನ ಮೇಲೆ ಮೂಡಿದ್ದೇ ತಡ, ಮಂಡಿಯಲ್ಲಿ ಹಬ್ಬ. ಹುಲಿಗಳೆಲ್ಲ ಬಗ್ಗಿ ನೋಡಿದರು. ಮಂದೆ ತರುಬಿದ ಕಡೆಯೆಲ್ಲ ಗೆರೆ ಗಂಟು ಗಂಟಾಗಿತ್ತು. ಅದಕ್ಕೆ ಸಾಹುಕಾರರು 'ಕ್ಯಾಂಪ್ ಸೈಟ್' ಅಂತ ಹೆಸರಿಟ್ಟರು. ಸಾಸ್ವೆಹಳ್ಳಿ ಬಯಲಿನ ಗಂಟು ಎಲ್ಲಕ್ಕಿಂತ ದೊಡ್ಡದು. ಉಪಗ್ರಹದ ಚಿತ್ರದಲ್ಲಿ ಆ ಜಾಗ ಕಂದುಬಣ್ಣಕ್ಕೆ ಒಣಗಿ, ಅಂಗೈಯಷ್ಟು ಸಪಾಟಾಗಿತ್ತು.

"ಸರ್, ಇದು ಡಿಸೆಂಬರಿನ ದಾರಿ. ಈಗ ಕಾಲುವೆಗೆ ನೀರು ಬಿಟ್ಟವ್ರೆ. ಗದ್ದೆ ನಾಟಿ ಆಗಿರುತ್ತೆ" ಎಂದೆ.

"ಮೇಲಿಂದ ನೋಡೋ ಸ್ಯಾಟಲೈಟಿಗೆ ಗೊತ್ತಿಲ್ದಿದ್ದು ನಿನಗೆ ಗೊತ್ತಾ?" ಎಂದರು ಸಾಹುಕಾರರು. ಅವರ ಅಜ್ಜ ಭತ್ತ ಬೆಳೆದವರು. ಅಪ್ಪ ಗದ್ದೆಯನ್ನೆಲ್ಲ ತೋಟ ಮಾಡಿದರು. ಮಗನಿಗೆ ಕಾಲುವೆಯ ನೀರು ಯಾವ ತಿಂಗಳು ಬರುತ್ತದೆ ಅನ್ನುವುದೂ ಆ್ಯಪಿನಲ್ಲಿ ಇರಬೇಕಾಗಿತ್ತು. ಒಮ್ಮೆ ಹೇಳಿದ್ದೇನಲ್ಲ ಅಂತ ನಾನು ಸುಮ್ಮನಾದೆ. ಸುಮ್ಮನಾಗುವುದರಲ್ಲಿ ನನಗೆ ಒಳ್ಳೇ ಅಭ್ಯಾಸವಿದೆ.

ಫೆಬ್ರುವರಿಯ ಎರಡನೇ ಭಾನುವಾರ ಕೆರೆಬಿಳಚಿಯಿಂದ ಐದು ಜೀಪು ಹೊರಟವು. ನ್ಯಾಮತಿಯಲ್ಲಿ ಮಧ್ಯಾಹ್ನದ ಊಟ, ಸವಳಂಗದಲ್ಲಿ ಸನ್ಮಾನ. ಪೂಜೆಗೆ ಬಂದ ಅಯ್ಯನವರು ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಬಾನೆಟ್ಟಿಗೆ ವಿಭೂತಿ ಹಚ್ಚಿ, ಉಳಿದದ್ದನ್ನು ಟ್ಯಾಬ್ಲೆಟ್ಟಿಗೂ ಮೂರು ಬೆರಳಲ್ಲಿ ಎಳೆದರು. ಬೆರಳು ತಾಗಿದ್ದೇ ನಕ್ಷೆ ಹಾರಿ ಅರಬ್ಬೀ ಸಮುದ್ರಕ್ಕೆ ಹೋಗಿ ನಿಂತಿತು. ಅದನ್ನು ವಾಪಸ್ ದಾವಣಗೆರೆ ಜಿಲ್ಲೆಗೆ ಎಳೆದು ತರುವಷ್ಟರಲ್ಲಿ ಬಿಸಿಲೇರಿತ್ತು.

ಸಾಸ್ವೆಹಳ್ಳಿ ಬಯಲು ಮುಟ್ಟಿದಾಗ ಎದುರಿಗೆ ಹಚ್ಚಹಸಿರು. ನಾಟಿ ಮಾಡಿ ಹತ್ತು ದಿನವೂ ಆಗಿರದ ಪೈರು, ಬುಡದಲ್ಲಿ ನೀರು ಹೊಳೆಯುತ್ತಿತ್ತು. ಕುರುಡನಿಗೂ ವಾಸನೆಯಲ್ಲೇ ಗದ್ದೆ ಅಂತ ಗೊತ್ತಾಗಬೇಕು. ಪರದೆಯ ಮೇಲೆ ಮಾತ್ರ ಅದು ಕಂದುಬಣ್ಣದ ಕ್ಯಾಂಪ್ ಸೈಟು, ನಮ್ಮ ಗೆರೆ ಅದರ ನಟ್ಟನಡುವೆ.

"ಸರ್, ಗದ್ದೆ!" ಎಂದು ಕೂಗಿದೆ.

"ಮೇಲ್ಗಡೆ ಹುಲ್ಲು, ಕೆಳಗೆ ಗಟ್ಟಿ ನೆಲ ಐತೆ. ಗೆರೆ ನೋಡು, ಗೆರೆ!" ಎಂದು ಸಾಹುಕಾರರು ಬದುವಿನ ಮೇಲಿಂದ ಇಳಿಸಿಯೇಬಿಟ್ಟರು. ಇಪ್ಪತ್ತು ಮಾರು ಹೋಗುವಷ್ಟರಲ್ಲಿ ಜೀಪು ಹೊಟ್ಟೆಯ ತನಕ ಕೂತಿತು. ವಾಕಿಟಾಕಿಯಲ್ಲಿ ಸಿದ್ದಲಿಂಗೇಶರ ದನಿ ಬಂತು, "ನಿಮ್ದು ರಾಂಗು. ನನ್ನ ಆ್ಯಪಿನಾಗೆ ದಾರಿ ಎಂಟು ಅಡಿ ಬಲಕ್ಕೈತೆ." ಅವರು ಎಂಟು ಅಡಿ ಬಲಕ್ಕೆ ಇಳಿದು ಎಂಟು ಅಡಿ ಬಲಕ್ಕೇ ಹೂತುಕೊಂಡರು. ಉಳಿದ ಮೂವರು ಬದುವಿನ ಮೇಲೆ ನಿಂತು ವಿಡಿಯೊ ಮಾಡಿಕೊಂಡರು.

ಗದ್ದೆಯ ಒಡತಿ ಭೀಮಕ್ಕ ಸೆರಗು ಸಿಕ್ಕಿಸಿಕೊಂಡು ಬದುವಿನ ಮೇಲೆ ಓಡುತ್ತಾ ಬಂದಳು. ಐವತ್ತರ ಆಸುಪಾಸಿನ ಹೆಂಗಸು. ಕೂಗಾಡುತ್ತಾಳೆ ಅಂದುಕೊಂಡೆ, ಕೂಗಾಡಲಿಲ್ಲ. ಮುರಿದುಬಿದ್ದ ಪೈರನ್ನು ಆ ತುದಿಯಿಂದ ಈ ತುದಿಗೆ ನೋಡಿ ಕೇಳಿದಳು, "ಯಾರ್ರೀ ನಿಮಗೆ ದಾರಿ ತೋರ್ಸಿದ್ದು?"

ಸಾಹುಕಾರರಿಗೆ ಅದು ನಿಮಗೆ ಯಾರ ವಶೀಲಿ ಅಂತ ಕೇಳಿದಂತೆ ಅನ್ನಿಸಿರಬೇಕು. ನಗುನಗುತ್ತಾ ಟ್ಯಾಬ್ಲೆಟ್ ಎತ್ತಿ ತೋರಿಸಿದರು. "ನಿಮ್ಮ ಕುರಿ ಹಾಲೇಶಪ್ಪ ಇಲ್ವೇನಮ್ಮ, ಅವನೇ. ಅವನದ್ದೇ ಟ್ರ್ಯಾಕು ಇದು. ನಿಮ್ಮ ಗದ್ದೇಲಿ ಮೂರು ರಾತ್ರಿ ಇದ್ದ, ನೋಡಿ, ಎಲ್ಲಾ ರೆಕಾರ್ಡ್ ಐತೆ."

ಭೀಮಕ್ಕನ ಮುಖ ಇಳಿದುಹೋಯಿತು. ಸೊಂಟದಿಂದ ಫೋನ್ ತೆಗೆದು ಮಾವನಿಗೇ ಹಚ್ಚಿ, ನಾವೆಲ್ಲ ಕೇಳಲಿ ಅಂತ ಸ್ಪೀಕರ್ ಹಾಕಿದಳು. "ಹಾಲೇಶಪ್ಪ, ಹದಿನೆಂಟು ವರ್ಷ ನನ್ನ ಕೈಯಾಗೆ ಉಂಡೀಯ. ನನ್ನ ಗದ್ದೆ ದಾರೀನ ಜೀಪಿನೋರಿಗೆ ಮಾರ್ಕಂಡ್ಯಲ್ಲೋ. ನಾಟಿ ಎಲ್ಲಾ ಹೋತು. ಇನ್ನು ಈ ಬಯಲಾಗೆ ನಿನ್ನ ಮಂದೆ ತರುಬಾಕೆ ಯಾರು ಬಿಡ್ತಾರೋ ನಾನೂ ನೋಡ್ತೀನಿ."

"ನಾನಾ? ನಾನ್ಯಾರಿಗೆ ತೋರ್ಸಿದೆ ಭೀಮಕ್ಕ? ಯಾವ ಜೀಪು?" ಮಾವ ಅದನ್ನೇ ಎರಡೆರಡು ಸಲ ಕೇಳಿದ. ಅವನು ಹಾಗೆ ಮಾತಾಡಿದ್ದನ್ನು ನಾನು ಕೇಳಿದ್ದೇ ಇಲ್ಲ. ಸಾಹುಕಾರರು ನನ್ನ ಕಡೆ ನೋಡಿ ತುಟಿಯ ಮೇಲೆ ಬೆರಳಿಟ್ಟರು.

ಆ ಬೆರಳು ನೋಡಿದಾಗ ನನಗೆ ಬಂದ ಸಿಟ್ಟು ಅವರ ಮೇಲಿನದ್ದಲ್ಲ. ಅದನ್ನು ನೋಡಿದ ಕೂಡಲೇ ಬಾಯಿ ತಾನಾಗಿ ಮುಚ್ಚಿಕೊಂಡಿತಲ್ಲ, ಆ ನನ್ನ ಬಾಯಿಯ ಮೇಲಿನದ್ದು. ಜೀಪಿನಿಂದ ಕೆಸರಿಗೆ ಇಳಿದೆ.

"ಮಾವನ ತಪ್ಪಿಲ್ಲ ಭೀಮಕ್ಕ. ಆ ಡಬ್ಬಿ ಕೊಟ್ಟೋನು ನಾನು, ಅವನ ಅಕ್ಕನ ಮಗ. ಕುರಿ ಕಳೆದರೆ ಹುಡುಕುತ್ತೆ ಅಂತ ಸುಳ್ಳು ಹೇಳಿ ಕೊಟ್ಟೆ. ದಾರಿ ಕದಿಯಾಕೆ ಕೊಟ್ಟಿದ್ದು. ಅವನಿಗೆ ಏನೂ ಗೊತ್ತಿಲ್ಲ."

ಫೋನಿನಲ್ಲಿ ಕುರಿಗಳ ಸದ್ದು ಕೇಳುತ್ತಿತ್ತು. ಮಾವ ಕೇಳಿದ, "ನಿಂಗಾ, ಹಂಗಾರೆ ಆ ಮೂರು ಕುರೀನ ಅದು ಹುಡುಕ್ತಾನೇ ಇಲ್ವೇನೋ?"

"ಇಲ್ಲ ಮಾವ."

"ನೀನು ಫೋನ್ ಮಾಡ್ತೀಯ ಅಂತ ನಾನು ಹಿಂದಕ್ಕೆ ಹೋಗಿ ಹುಡುಕಲೇ ಇಲ್ಲ."

ನನಗೆ ಅಳು ಬಂತು. ಐದು ಮಂದಿ ಅಡಿಕೆ ವ್ಯಾಪಾರಿಗಳ ಮುಂದೆ, ಮೊಣಕಾಲುದ್ದದ ಕೆಸರಿನಲ್ಲಿ ನಿಂತು ಅತ್ತೆ. ಮಾವ ನನ್ನನ್ನು ಬೈಯಲಿಲ್ಲ. ಭೀಮಕ್ಕನಿಗೆ ಹೇಳಿದ, "ಭೀಮಕ್ಕ, ನಾನು ಬೇಕಂತ ತೋರ್ಸಲಿಲ್ಲ. ಆದ್ರೂ ನನ್ನ ಹೆಜ್ಜೆ ಹಿಡ್ಕಂಡೇ ಬಂದವ್ರೆ. ನನ್ನ ಕುರಿ ಪೈರು ತಿಂದಿದ್ರೆ ಏನು ಮಾಡ್ತಿದ್ನೋ ಅದನ್ನೇ ಮಾಡ್ತೀನಿ. ಬರೋ ವರ್ಷ ನಿನ್ನ ಗದ್ದ್ಯಾಗೆ ಇನ್ನೂ ಐದು ರಾತ್ರಿ ಪುಕ್ಕಟೆ ತರುಬ್ತೀನಿ."

"ಐದು ರಾತ್ರಿ ಎಲ್ಲಿಂದ ತರ್ತೀಯೋ? ನಿನ್ನ ದಿನ ಎಲ್ಲಾ ಹಂಚಿಹೋಗ್ಯಾವೆ" ಎಂದಳು ಭೀಮಕ್ಕ. ಅವಳ ದನಿ ಇಳಿದಿತ್ತು.

"ಕೆರೆಬಿಳಚಿ ತ್ವಾಟದ್ದು ಐದು ಐತಲ್ಲ, ಅದನ್ನ ಬಿಟ್ಟೆ."

ಸಾಹುಕಾರರು ಕೆಸರಿನಲ್ಲೇ ದಾಪುಗಾಲು ಹಾಕಿ ಫೋನಿನ ಹತ್ತಿರ ಬಂದರು. ಗೊಬ್ಬರದ ವಿಷಯ ಬಂದಾಗ ಅವರಿಗೆ ದಾರಿ ಸ್ಪಷ್ಟವಾಗಿ ಕಾಣುತ್ತದೆ. "ಹಾಲೇಶಪ್ಪ, ಹಂಗೆಲ್ಲ ಅನ್ನಬೇಡಪ್ಪ. ನಮ್ಮ ತೋಟಕ್ಕೆ ಬರದಿದ್ರೆ ಹೆಂಗೆ?"

"ನಿಮ್ಮ ತ್ವಾಟದ ದಾರಿ ಮರ್ತೋತು ಸಾವ್ಕಾರ್ರೆ."

"ಲೊಕೇಶನ್ ಕಳಿಸ್ತೀನಿ" ಎಂದರು ಸಾಹುಕಾರರು. ಆ ಗಾಬರಿಯಲ್ಲಿ ನಿಜವಾಗಿಯೇ ಹೇಳಿದರು. ಮಾವನದ್ದು ಗುಂಡಿ ಒತ್ತುವ ಫೋನು.

ಭೀಮಕ್ಕ ಅಷ್ಟಕ್ಕೇ ಬಿಡಲಿಲ್ಲ. ಬದುವಿನ ಮೂಲೆಯಲ್ಲಿ ಉಳಿದಿದ್ದ ಸಸಿಯ ಕಟ್ಟುಗಳನ್ನು ತಂದು ಹುಲಿಗಳ ಮುಂದೆ ಎಸೆದಳು. "ಕೆಡಿಸಿದೋರೇ ನೆಡ್ರಿ. ಅಲ್ಲಿ ತನಕ ಟ್ರ್ಯಾಕ್ಟರ್ ತಂದು ಜೀಪು ಎಳ್ಸಾಕಿಲ್ಲ." ಬಿಳಿ ಟೀ ಶರ್ಟಿನ ಮೇಲೆ ಹುಲಿಯ ಚಿತ್ರ ಬರೆಸಿಕೊಂಡಿದ್ದ ಐವರೂ ಪ್ಯಾಂಟು ಮಡಚಿ ಬಗ್ಗಿದರು. ಸಿದ್ದಲಿಂಗೇಶರ ಸಾಲು ಹಾವಿನಂತೆ ಹೊರಳಿತು. "ಸೊಟ್ಟ ಆತು, ಆ್ಯಪ್ ನೋಡ್ಕಂಡು ನೆಡ್ರಿ" ಎಂದಳು ಭೀಮಕ್ಕ.

ಫೋನು ಇನ್ನೂ ಕಟ್ಟಾಗಿರಲಿಲ್ಲ. ನಾನು ಕೈಯೊಡ್ಡಿ ಇಸಕೊಂಡೆ. "ಮಾವ, ನಾನೇನು ಮಾಡ್ಲಿ?"

"ಸವಳಂಗದಾಗೇ ಇದ್ದೀನಿ. ಬಾ" ಎಂದ. ಆಮೇಲೆ, "ನಡ್ಕಂಡು ಬಾ. ಭೀಮಕ್ಕನ ಗದ್ದೆಯಿಂದ ಈಚೆಗೆ ನಾನು ಹನ್ನೆರಡು ಮನ್ಯೋರ ಹೊಲದಾಗೆ ತರುಬೀನಿ. ಒಂದೊಂದು ಮನೀಗೂ ಹೋಗಿ, ಅವರ ಹೊಲದ ದಾರಿ ಯಾರು ಕದ್ದಿದ್ದು ಅಂತ ಹೇಳ್ಕೊಂತ ಬಾ" ಎಂದ.

ಟ್ಯಾಬ್ಲೆಟ್ಟು, ಡಬ್ಬಿ, ಎರಡು ಫೋನು, ಜೀಪಿನ ಬೀಗದ ಕೈಯ ಇನ್ನೊಂದು ಜೊತೆ, ಎಲ್ಲವನ್ನೂ ಸೀಟಿನ ಮೇಲೆ ಇಟ್ಟೆ. ಸಾಹುಕಾರರು ಬಗ್ಗಿದಲ್ಲಿಂದಲೇ, "ನಿಂಗರಾಜ್, ಈಗ ಹೋದರೆ ಸೋಮವಾರ ಕೆಲಸಕ್ಕೆ ಬರೋದು ಬ್ಯಾಡ" ಎಂದರು. ಸೋಮವಾರ ನಾನು ಎಷ್ಟನೇ ಮನೆಯಲ್ಲಿರುತ್ತೇನೋ ನನಗೇ ಗೊತ್ತಿರಲಿಲ್ಲ. ಕಾಲುವೆಯ ನೀರಿನಲ್ಲಿ ಕಾಲು ತೊಳೆದುಕೊಂಡು ಹೊರಟೆ.

ಮೊದಲನೇ ಮನೆ ಹೊಳೆಯ ಈಚೆಗೇ ಸಿಕ್ಕಿತು. ಬಾಗಿಲಲ್ಲಿ ಅಜ್ಜಮ್ಮ ಅಂತ ಒಬ್ಬ ಮುದುಕಿ ಮೆಣಸಿನಕಾಯಿ ಒಣಹಾಕುತ್ತಿದ್ದಳು. ಹಾಲೇಶಪ್ಪನ ಅಳಿಯ ಎಂದೆ, ಅಷ್ಟೇ. ಮುಂದಿನ ಮಾತಿಗೆ ಅವಳು ಎಡೆಯನ್ನೇ ಕೊಡಲಿಲ್ಲ.

"ಓ, ಡಬ್ಬಿ ಕೊಟ್ಟ ಅಳಿಯ ನೀನೇನಾ? ಬಾರಪ್ಪ, ಕೂತ್ಕ. ಈ ಸಲ ಹಾಲೇಶಪ್ಪನ ಬಾಯಾಗೆ ಬರೀ ನಿನ್ನ ಸುದ್ದಿನೇ. ನನ್ನ ಅಳಿಯ ಸಾವ್ಕಾರ್ರ ಮನ್ಯಾಗಿದ್ರೂ ನನ್ನ ಕುರಿ ಮರೆತಿಲ್ಲ, ಇಂಥಾ ಮಿಷನ್ನು ಕೊಡ್ಸ್ಯಾನೆ ಅಂತ ಹೊಲ ಹೊಲದಾಗೂ ತೋರ್ಸ್ಕಂಡು ಹೋದ. ನನಗೂ ಐದು ಮಕ್ಕಳು ಅದಾರೆ, ಏನು ಬಂತು?" ಎನ್ನುತ್ತಲೇ ಒಳಗೆ ಹೋಗಿ ದೊಡ್ಡ ಲೋಟದ ತುಂಬ ಮಜ್ಜಿಗೆ ತಂದುಕೊಟ್ಟಳು. "ಸೇತುವೆ ತಾವ ಮೂರು ಕುರಿ ತಪ್ಪಿಸ್ಕಂಡ್ವು ಅಂತ ಫೋನ್ ಹಚ್ಚಿದ್ದ, ಸಿಕ್ಕುವಾ?"

ಲೋಟ ಕೈಯಲ್ಲಿ ಹಿಡಿದುಕೊಂಡೇ ಎಲ್ಲ ಹೇಳಿದೆ. ಒಂದನ್ನೂ ಬಿಡಲಿಲ್ಲ. ಅಜ್ಜಮ್ಮ ಪೂರ್ತಿ ಕೇಳಿದಳು, ಮೆಣಸಿನಕಾಯಿಯ ಕಡೆ ತಿರುಗಿ ಕೂತಳು. ಮಜ್ಜಿಗೆಯನ್ನು ವಾಪಸ್ ಕೇಳಲಿಲ್ಲ, ಕುಡಿ ಅಂತಲೂ ಅನ್ನಲಿಲ್ಲ. ನಾನು ಲೋಟವನ್ನು ಕಟ್ಟೆಯ ಮೇಲಿಟ್ಟು ಎದ್ದೆ. ಇನ್ನೂ ಹನ್ನೊಂದು ಮನೆ ಇತ್ತು.